ಕೆಂಪು ದೀಪ ಹೊತ್ತುವ ಮುನ್ನ: ಹಳೆಯ ಮಾರುತಿ 800ಕ್ಕೆ ಮೂರು ಮೀಟರ್‌ಗಳ ಜೋಡಣೆ

ಮಾರುತಿ 800ರ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ನಿನ ಸ್ಥಿತಿಯನ್ನು ತಿಳಿಸಲು ಕಂಪನಿಯವರು ಕೊಟ್ಟಿರುವುದು ಅಂಕಿಗಳಿಲ್ಲದ ಒಂದು ಟೆಂಪರೇಚರ್ ಮುಳ್ಳು, ಆಯಿಲ್‌ಗೆ ಒಂದು ಕೆಂಪು ದೀಪ ಮತ್ತು ಚಾರ್ಜಿಂಗ್‌ಗೆ ಇನ್ನೊಂದು ಕೆಂಪು ದೀಪ. ಆಯಿಲ್ ದೀಪವನ್ನು ಹೊತ್ತಿಸುವ ಸ್ವಿಚ್ಚು ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಪ್ರೆಷರ್ 0.3 ಕೆ.ಜಿ. ಆಸುಪಾಸಿಗೆ ಇಳಿದಾಗ ಮಾತ್ರ ಕೆಲಸ ಮಾಡುತ್ತದೆ. (ಇಲ್ಲಿ ಕೆ.ಜಿ. ಎಂದರೆ ಚದರ ಸೆಂಟಿಮೀಟರಿಗೆ ಇಷ್ಟು ಕಿಲೋ ಎಂದು. ಗ್ಯಾರೇಜುಗಳಲ್ಲಿ ಎಲ್ಲರೂ ಹಾಗೆಯೇ ಹೇಳುತ್ತಾರೆ.) ಓಡುತ್ತಿರುವ ಎಂಜಿನ್ನಿಗೆ ಪ್ರತಿ 1000 ಆರ್‌ಪಿಎಂಗೆ ಸುಮಾರು 0.7 ಕೆ.ಜಿ. ಇರಬೇಕೆಂಬುದು ಹಳೆಯ ಲೆಕ್ಕ. ಅಂದರೆ 3 ಕೆ.ಜಿ. ಇರಬೇಕಾದ ಕಡೆ 1 ಕೆ.ಜಿ.ಗೆ ಇಳಿದರೂ ಆ ದೀಪ ಸುಮ್ಮನೇ ಇರುತ್ತದೆ. ಅದು ಹೊತ್ತಿಕೊಳ್ಳುವ ವೇಳೆಗೆ ಬೇರಿಂಗುಗಳು ಒಣಗಿ ತಿರುಗತೊಡಗಿರುತ್ತವೆ. ಚಾರ್ಜಿಂಗ್ ದೀಪದ ಕಥೆಯೂ ಇದೇ. ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಪೂರ್ತಿ ನಿಂತರೆ ಅದು ಹೇಳುತ್ತದೆ, ಆದರೆ ರೆಗ್ಯುಲೇಟರ್ ಕೆಟ್ಟು 15 ವೋಲ್ಟ್ ದಾಟಿ ಬ್ಯಾಟರಿಯನ್ನು ಕುದಿಸುತ್ತಿದ್ದರೆ ಹೇಳುವುದಿಲ್ಲ.

ನಮ್ಮ ಮನೆಯ ಗಾಡಿ 1998ರ ಮಾಡೆಲ್, ಕಾರ್ಬುರೇಟರಿನದು, 796 ಸಿಸಿಯ ಮೂರು ಸಿಲಿಂಡರ್ ಎಂಜಿನ್. ಎಂಜಿನ್ ಕೆಲಸ ಮಾಡಿಸಿ ಹೊಸ ಬೇರಿಂಗ್ ಹಾಕಿಸಿದ ಮೇಲೆ ಅದನ್ನು ಮತ್ತೆ ಕುರುಡಾಗಿ ಓಡಿಸಲು ಮನಸ್ಸಾಗಲಿಲ್ಲ. ಆದ್ದರಿಂದ ಆಯಿಲ್ ಪ್ರೆಷರ್, ನೀರಿನ ಶಾಖ ಮತ್ತು ವೋಲ್ಟೇಜ್ ತೋರಿಸುವ ಮೂರು ಪ್ರತ್ಯೇಕ ಮೀಟರ್‌ಗಳನ್ನು ಕೂರಿಸಲು ತೀರ್ಮಾನಿಸಿದೆ. ಯಾವ ಕೆಲಸವನ್ನು ನಾನೇ ಮಾಡಿದೆ, ಯಾವುದನ್ನು ಕಸುಬುದಾರರ ಕೈಗೆ ಕೊಟ್ಟೆ, ಏಕೆ ಎಂಬುದನ್ನೇ ಈ ಬರಹದಲ್ಲಿ ಮುಖ್ಯವಾಗಿ ದಾಖಲಿಸುತ್ತಿದ್ದೇನೆ. ನನ್ನ ನಿಲುವು ಇಷ್ಟು: ವೈರಿಂಗನ್ನು ಗಾಡಿಯ ಮಾಲೀಕರೇ ಮಾಡಿಕೊಳ್ಳುವುದು ಮೇಲು, ಏಕೆಂದರೆ ಅದಕ್ಕೆ ಬೇಕಾದದ್ದು ಮುಖ್ಯವಾಗಿ ತಾಳ್ಮೆ, ಮತ್ತು ದಿನದ ಕೂಲಿಗೆ ಕೆಲಸ ಮಾಡುವವರಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ. ಆಯಿಲ್ ಹರಿಯುವ ಜಾಗದ ಥ್ರೆಡ್ಡಿನ ಕೆಲಸಕ್ಕೆ ಮಾತ್ರ ಲೇತಿನವರೇ ಬೇಕು.

ಬೆಂಗಳೂರಿನಲ್ಲಿ ಇಂಥ ಸಾಮಾನಿಗೆ ಜೆ.ಸಿ. ರಸ್ತೆಗೆ ಹೋಗುವುದು ವಾಡಿಕೆ. ಅಲ್ಲಿನ ಅಂಗಡಿಗಳಲ್ಲಿ 52 ಮಿಲಿಮೀಟರ್ ಅಳತೆಯ ದುಂಡು ಮೀಟರ್‌ಗಳು ಹಲವು ಬಗೆಯಲ್ಲಿ ಸಿಗುತ್ತವೆ. ಬಹುತೇಕ ಎಲ್ಲ ಕಂಪನಿಗಳೂ ಈ ಅಳತೆಯನ್ನೇ ಪಾಲಿಸುವುದರಿಂದ ಮುಂದೆ ಬದಲಾಯಿಸಬೇಕಾದರೆ ತೊಂದರೆಯಿಲ್ಲ. ಮುಖದ ಅಂದಕ್ಕಿಂತ ಮೊದಲು ನೋಡಬೇಕಾದದ್ದು ಮೀಟರಿನ ಜೊತೆ ಬರುವ ಸೆಂಡರ್ (ಎಂಜಿನ್ ಕಡೆ ಕೂತು ಪ್ರೆಷರನ್ನೋ ಶಾಖವನ್ನೋ ಗ್ರಹಿಸಿ ಮೀಟರಿಗೆ ತಿಳಿಸುವ ಬಿಡಿಭಾಗ) ಯಾವ ರೆಸಿಸ್ಟೆನ್ಸಿನದು ಎಂಬುದನ್ನು. ಯುರೋಪಿನ ವಿಡಿಒ ಕಂಪನಿಯ ಪದ್ಧತಿಯ ಆಯಿಲ್ ಸೆಂಡರ್ ಸೊನ್ನೆ ಪ್ರೆಷರಿನಲ್ಲಿ ಸುಮಾರು 10 ಓಮ್ ತೋರಿಸಿ ಪ್ರೆಷರ್ ಏರಿದಂತೆ 180ರ ಆಸುಪಾಸಿಗೆ ಹೋಗುತ್ತದೆ. ಅಮೆರಿಕದ ಪದ್ಧತಿಯದು 240 ಓಮಿನಿಂದ ಆರಂಭವಾಗಿ 33ಕ್ಕೆ ಇಳಿಯುತ್ತದೆ. ಒಂದರ ಸೆಂಡರನ್ನು ಇನ್ನೊಂದರ ಮೀಟರಿಗೆ ಜೋಡಿಸಿದರೆ ಮುಳ್ಳು ಓಡಾಡುತ್ತದೆ, ಆದರೆ ಅದು ಹೇಳುವುದೆಲ್ಲ ಸುಳ್ಳು. ಬಿಡಿಬಿಡಿಯಾಗಿ ಕೊಳ್ಳುವವರು ಅಂಗಡಿಯಲ್ಲಿಯೇ ಮಲ್ಟಿಮೀಟರ್ ಹಿಡಿದು ಅಳೆದು ನೋಡಿಕೊಳ್ಳುವುದು ಒಳ್ಳೆಯದು.

ಸೆಂಡರ್ ಇಲ್ಲದ ಮೆಕ್ಯಾನಿಕಲ್ ಆಯಿಲ್ ಮೀಟರ್ ಕೂಡ ಸಿಗುತ್ತದೆ. ಅದರೊಳಗೆ ಬಾಗಿದ ಹಿತ್ತಾಳೆಯ ಕೊಳವೆಯೊಂದಿದ್ದು, ಒಳಗಿನ ಒತ್ತಡ ಹೆಚ್ಚಾದಂತೆ ಅದು ನೆಟ್ಟಗಾಗಲು ನೋಡುತ್ತದೆ, ಆ ಚಲನೆಯೇ ಮುಳ್ಳನ್ನು ತಿರುಗಿಸುತ್ತದೆ. ಫ್ರಾನ್ಸಿನ ಯೂಜೀನ್ ಬೂರ್ಡಾನ್ 1849ರಲ್ಲಿ ಪೇಟೆಂಟ್ ಪಡೆದ ಉಪಾಯ ಅದು, ಇಂದಿಗೂ ಕಾರ್ಖಾನೆಗಳ ಕಂಪ್ರೆಸರ್ ಮೇಲೆ ಕಾಣುವುದು ಅದೇ. ನಿಖರತೆಯಲ್ಲಿ ಅದಕ್ಕೆ ಕೊರತೆಯಿಲ್ಲ. ಆದರೆ ಅದನ್ನು ಕಾರಿನಲ್ಲಿ ಬಳಸಬೇಕಾದರೆ ಬಿಸಿ ಆಯಿಲನ್ನು ಸಣ್ಣ ಕೊಳವೆಯ ಮೂಲಕ ಡ್ಯಾಶ್‌ಬೋರ್ಡಿನವರೆಗೂ ತರಬೇಕು, ಆ ಕೊಳವೆ ಎಂದಾದರೂ ಬಿರಿದರೆ ಆಯಿಲ್ ಸುರಿಯುವುದು ಚಾಲಕನ ಕಾಲ ಮೇಲೆ. ಮನೆಯವರೆಲ್ಲ ಓಡಾಡುವ ಗಾಡಿಗೆ ಅದು ಬೇಡವೆಂದು ಎಲೆಕ್ಟ್ರಿಕ್ ಮೀಟರನ್ನೇ ಆರಿಸಿದೆ. ಅಮ್ಮೀಟರ್ ಬಿಟ್ಟು ವೋಲ್ಟ್‌ಮೀಟರ್ ತೆಗೆದುಕೊಂಡದ್ದಕ್ಕೂ ಇಂಥದೇ ಕಾರಣವಿದೆ: ಅಮ್ಮೀಟರಿಗಾಗಿ ಗಾಡಿಯ ಚಾರ್ಜಿಂಗ್ ಕರೆಂಟ್ ಪೂರ್ತಿಯಾಗಿ ಡ್ಯಾಶ್‌ಬೋರ್ಡಿನ ಹಿಂದಕ್ಕೆ ಬಂದು ಹೋಗಬೇಕು, ಅಲ್ಲಿ ಒಂದು ನಟ್ ಸಡಿಲವಾದರೆ ವೈರ್ ಸುಟ್ಟುಹೋಗುತ್ತದೆ.

ಶಾಖದ ಸೆಂಡರನ್ನು ಗಾಡಿಗೆ ಹಾಕುವ ಮೊದಲು ಮನೆಯಲ್ಲೇ ಪರೀಕ್ಷಿಸಬಹುದು. ಎಸ್.ಪಿ. ರಸ್ತೆಯಲ್ಲಿ ತಂದ 12 ವೋಲ್ಟಿನ ಸಣ್ಣ ಯುಪಿಎಸ್ ಬ್ಯಾಟರಿಯನ್ನು ಒಲೆಯಿಂದ ದೂರವಿಟ್ಟು, ಮೀಟರಿನ ಪಾಸಿಟಿವ್ ಮತ್ತು ಅರ್ಥ್ (ನೆಗೆಟಿವ್) ಕೊಟ್ಟು, ಸೆಂಡರಿನ ತಲೆಗೆ ಸಿಗ್ನಲ್ ವೈರನ್ನೂ ಹಿತ್ತಾಳೆಯ ಮೈಗೆ ಅರ್ಥ್ ವೈರಿನ ಕ್ರೊಕೊಡೈಲ್ ಕ್ಲಿಪ್ಪನ್ನೂ ಸಿಕ್ಕಿಸಿ, ತುದಿ ಮಾತ್ರ ನೀರಿನಲ್ಲಿ ಮುಳುಗುವಂತೆ, ಪಾತ್ರೆಯ ತಳಕ್ಕೆ ತಾಗದಂತೆ ಇಳಿಬಿಟ್ಟೆ. ಪಕ್ಕದಲ್ಲಿ ಪ್ರಯೋಗಾಲಯದ ಗಾಜಿನ ಥರ್ಮಾಮೀಟರ್ ಇತ್ತು. ನೀರು ಮಗುಚಿ ಕುದಿಯುವಾಗ ಮೀಟರಿನ ಮುಳ್ಳು 100ರ ಗೆರೆಗಿಂತ ಕೂದಲೆಳೆಯಷ್ಟು ಹಿಂದೆ ನಿಂತಿತು. ಥರ್ಮಾಮೀಟರೂ 97ರ ಬಳಿಯೇ ಇತ್ತು. ಮೀಟರ್ 3 ಡಿಗ್ರಿ ಕಡಿಮೆ ತೋರಿಸುತ್ತಿದೆಯೆಂದು ಇಲ್ಲಿ ಯಾರೂ ಗಾಬರಿಯಾಗಬೇಕಿಲ್ಲ; ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು ಕುದಿಯುವುದೇ 97 ಡಿಗ್ರಿಗೆ. ಒಲೆ ಆರಿಸಿ ನೀರು ತಣಿಯುತ್ತ ಬಂದಂತೆ 90, 80, 70ರಲ್ಲಿ ಎರಡನ್ನೂ ಹೋಲಿಸಿ ಬರೆದಿಟ್ಟುಕೊಂಡೆ. ಬೇಕಾದ ವ್ಯಾಪ್ತಿಯಲ್ಲಿ ಮೀಟರ್ ನಂಬಿಕೆಗೆ ಅರ್ಹವಾಗಿತ್ತು.

ಇದೇ ಲೆಕ್ಕ ರೇಡಿಯೇಟರಿಗೂ ಅನ್ವಯಿಸುತ್ತದೆ. 0.9 ಕೆ.ಜಿ.ಯ ಮುಚ್ಚಳ ಸರಿಯಾಗಿ ಹಿಡಿದಿದ್ದರೆ ನಮ್ಮ ಊರಿನಲ್ಲಿ ಬರೀ ನೀರೂ 115 ಡಿಗ್ರಿ ದಾಟಿದ ಮೇಲೆಯೇ ಕುದಿಯುತ್ತದೆ. ಅರ್ಧಕ್ಕರ್ಧ ಕೂಲೆಂಟ್ ಬೆರೆಸಿದ್ದರೆ ಇನ್ನೂ ಮೇಲೆ. ಮುಚ್ಚಳದ ಸ್ಪ್ರಿಂಗು ಸೋತಿದ್ದರೆ ಮಾತ್ರ 97ಕ್ಕೇ ಕುದಿ ಬಂದುಬಿಡುತ್ತದೆ. ಹಾಗಾಗಿ ಅಂಕಿಗಳಿರುವ ಮೀಟರ್ ಕೂರಿಸುವವರು ಜೊತೆಗೊಂದು ಹೊಸ ರೇಡಿಯೇಟರ್ ಮುಚ್ಚಳವನ್ನೂ ಹಾಕಿಕೊಳ್ಳುವುದು ಲೇಸು, ಇಲ್ಲವಾದರೆ ಮೀಟರಿನಲ್ಲಿ ಕಾಣುವ 100ಕ್ಕೆ ಭಯಪಡಬೇಕೋ ಬೇಡವೋ ಎಂಬುದೇ ತಿಳಿಯುವುದಿಲ್ಲ.

ಆಯಿಲ್ ಪ್ರೆಷರಿನ ಸೆಂಡರನ್ನು ಎಲ್ಲಿ ಕೂರಿಸಬೇಕೆಂಬುದು ಇಡೀ ಕೆಲಸದಲ್ಲಿ ಅತಿ ಹೆಚ್ಚು ಯೋಚನೆ ಬೇಡಿದ ಭಾಗ. ಕಂಪನಿಯ ಸ್ವಿಚ್ಚು ಬ್ಲಾಕಿನಲ್ಲಿ ಕೂತಿರುತ್ತದೆ. ಅದನ್ನು ಬಿಚ್ಚಿ, ಅಲ್ಲೊಂದು ಹಿತ್ತಾಳೆಯ ಟೀ (ಇಂಗ್ಲಿಷಿನ T ಆಕಾರದ, ಮೂರು ಬಾಯಿಯ ಜಾಯಿಂಟು) ತಿರುಗಿಸಿ, ಟೀಯ ಒಂದು ಬಾಯಿಗೆ ಹಳೆಯ ಸ್ವಿಚ್ಚನ್ನೂ ಇನ್ನೊಂದಕ್ಕೆ ಹೊಸ ಸೆಂಡರನ್ನೂ ಹಾಕುವುದು ಎಲ್ಲ ಅಂಗಡಿಗಳಲ್ಲೂ ನಡೆಯುವ ಪದ್ಧತಿ. ನೋಡಲು ಸುಲಭ. ಆದರೆ ಸೆಂಡರ್ ಎಂಬುದು ಲೋಟದ ಗಾತ್ರದ ತೂಕದ ವಸ್ತು. ಅದು ಸಣ್ಣ ಹಿತ್ತಾಳೆಯ ಕುತ್ತಿಗೆಯ ತುದಿಯಲ್ಲಿ ಜೋತುಬಿದ್ದು, ಮೂರು ಸಿಲಿಂಡರಿನ ಎಂಜಿನ್ ಐಡ್ಲಿಂಗಿನಲ್ಲಿ ನಡುಗುವಾಗಲೆಲ್ಲ ಅದೂ ನಡುಗುತ್ತದೆ. ಹಿತ್ತಾಳೆ ಹೀಗೆ ದಣಿದು ಥ್ರೆಡ್ಡಿನ ಬುಡದಲ್ಲಿ ಬಿರುಕು ಬಿಟ್ಟರೆ ಎಂಜಿನ್ನಿನ ಆಯಿಲೆಲ್ಲ ಕೆಲವೇ ನಿಮಿಷಗಳಲ್ಲಿ ರಸ್ತೆಗೆ ಹೋಗುತ್ತದೆ. ಎಂಜಿನ್ ಕಾಯಲೆಂದು ಹಾಕಿದ ಮೀಟರೇ ಎಂಜಿನ್ನನ್ನು ತೆಗೆಯುವುದೆಂದರೆ ಇದು. ಆದ್ದರಿಂದ ಬ್ಲಾಕಿನಿಂದ ಸ್ಟೀಲ್ ಹೆಣಿಗೆಯ ಹೋಸ್ ಒಂದನ್ನು ಹೊರಡಿಸಿ, ಟೀಯನ್ನು ಬಾಡಿಯ ಮೇಲೆ ಬ್ರ್ಯಾಕೆಟ್ಟಿಗೆ ಬಿಗಿದು, ಸೆಂಡರ್ ಮತ್ತು ಕಂಪನಿಯ ಸ್ವಿಚ್ಚು ಎರಡನ್ನೂ ಅಲ್ಲಿಯೇ ಕೂರಿಸುವುದೆಂದು ನಿಶ್ಚಯಿಸಿದೆ. ಕೆಂಪು ದೀಪವನ್ನು ತೆಗೆಯುವ ಆಲೋಚನೆಯೇ ಇರಲಿಲ್ಲ. ಮುಳ್ಳಿನ ಕಡೆ ಕಣ್ಣು ಹಾಯದ ಗಳಿಗೆಯಲ್ಲಿ ಕಣ್ಣಿಗೆ ಹೊಡೆಯುವುದು ದೀಪವೇ.

ಈ ಟೀ ಮತ್ತು ಅಡಾಪ್ಟರಿಗಾಗಿ ಕಲಾಸಿಪಾಳ್ಯದ ಬಳಿಯ ಲೇತ್ ಅಂಗಡಿಯೊಂದಕ್ಕೆ ಹೋದೆ. ಮೀಟರಿನ ಸೆಂಡರಿನ ಮೇಲೆ ಇದ್ದದ್ದು ಅಮೆರಿಕದ ಎನ್‌ಪಿಟಿ ಥ್ರೆಡ್, ಗಾಡಿಯ ಸ್ವಿಚ್ಚಿನ ಮೇಲೆ ಇದ್ದದ್ದು ಜಪಾನಿನ ಗಾಡಿಗಳಲ್ಲಿ ಸಾಮಾನ್ಯವಾಗಿ ಕಾಣುವ ಬಿಎಸ್‌ಪಿಟಿ ಥ್ರೆಡ್; ಎರಡೂ ಎಂಟನೇ ಒಂದು ಇಂಚಿನವೇ. ಕೈಯಲ್ಲಿ ಹಿಡಿದರೆ ಎರಡೂ ಒಂದೇ. ಲೇತಿನ ಯಜಮಾನರು ಥ್ರೆಡ್ಡಿನ ಹಲ್ಲು ಅಳೆಯುವ, ಎಣ್ಣೆ ಮೆತ್ತಿದ ಪಿಚ್ ಗೇಜಿನ ಕಟ್ಟಿನಿಂದ ಒಂದು ಎಲೆಯನ್ನು ಬಿಡಿಸಿ ಸ್ವಿಚ್ಚಿನ ಥ್ರೆಡ್ಡಿಗೆ ಒತ್ತಿ, ಬಾಗಿಲ ಬೆಳಕಿಗೆ ಎತ್ತಿ ಹಿಡಿದರು; ಹಲ್ಲುಗಳ ನಡುವೆ ಬೆಳಕು ಸ್ವಲ್ಪವೂ ತೂರಲಿಲ್ಲ. ಅದೇ ಎಲೆಯನ್ನು ಸೆಂಡರಿಗೆ ಹಿಡಿದಾಗ ಮೊದಲ ಮೂರು ನಾಲ್ಕು ಹಲ್ಲು ಕೂತು, ಆಮೇಲಿನವು ಒಂದೊಂದಾಗಿ ಮೇಲೆದ್ದು, ಕೊನೆಯಲ್ಲಿ ಬೆಳಕಿನ ಸಣ್ಣ ಗೆರೆ ಕಂಡಿತು.

“ನೋಡಿ ಸಾರ್, ಇದು ಇಪ್ಪತ್ತೆಂಟು, ನಿಮ್ ಹೊಸದು ಇಪ್ಪತ್ತೇಳು. ಕೈಯಲ್ಲಿ ತಿರುಗ್ಸಿದ್ರೆ ಹೋಗುತ್ತೆ, ಎರಡ್ ಸುತ್ತು ಆದ್ಮೇಲೆ ಹಿಡ್ಕೊಳುತ್ತೆ. ಟೈಟ್ ಆಯ್ತು ಅನ್ಕೊಂಡು ಸ್ಪ್ಯಾನರ್ ಹಾಕಿದ್ರೆ ಬ್ಲಾಕಲ್ಲಿ ಥ್ರೆಡ್ ಹೋಯ್ತು ಅಂತ್ಲೇ ಲೆಕ್ಕ” ಎಂದರು.

“ಹಾಗಾದ್ರೆ ಬ್ಲಾಕ್ ಕಡೆದು ಇಪ್ಪತ್ತೆಂಟು, ಸೆಂಡರ್ ಕಡೆದು ಇಪ್ಪತ್ತೇಳು ಮಾಡ್ಕೊಡಿ ಯಜಮಾನ್ರೆ. ಸ್ವಿಚ್ ಕೂರೋ ಬಾಯಿ ಹಳೇದಕ್ಕೇ ಸರಿಹೋಗ್ಬೇಕು” ಎಂದು ಕಾಗದದ ಮೇಲೆ ಚಿತ್ರ ಬರೆದುಕೊಟ್ಟೆ.

ಇಂಚಿಗೆ 28 ಸುತ್ತು ಮತ್ತು 27 ಸುತ್ತಿನ ಈ ವ್ಯತ್ಯಾಸವಲ್ಲದೆ ಹಲ್ಲಿನ ಕೋನವೂ ಬೇರೆ: ಬಿಎಸ್‌ಪಿಟಿಯದು 55 ಡಿಗ್ರಿ, ಎನ್‌ಪಿಟಿಯದು 60 ಡಿಗ್ರಿ. ಟೆಫ್ಲಾನ್ ಟೇಪು ದಪ್ಪಗೆ ಸುತ್ತಿ ಇದನ್ನು ಮುಚ್ಚಿಹಾಕುವ ಕೆಲಸವನ್ನು ನಾನು ಬೇರೆ ಗಾಡಿಗಳಲ್ಲಿ ಕಂಡಿದ್ದೇನೆ. ಕೆಲವು ತಿಂಗಳು ಆಯಿಲ್ ನಿಲ್ಲಲೂಬಹುದು, ಆದರೆ ಟೇಪಿನ ಚೂರು ಆಯಿಲ್ ದಾರಿಗೆ ಇಳಿದರೆ ಅದು ಎಲ್ಲಿ ಹೋಗಿ ಕೂರುತ್ತದೆಂದು ಯಾರೂ ಹೇಳಲಾರರು. ಇದಲ್ಲದೆ ಒಂದೇ ತಂತಿಯ ಸೆಂಡರಿಗೆ ಅರ್ಥ್ ಸಿಗುವುದು ಅದರ ಥ್ರೆಡ್ಡಿನ ಮೂಲಕವೇ, ದಪ್ಪ ಟೇಪು ಆ ಸಂಪರ್ಕವನ್ನೂ ಕೆಡಿಸಬಹುದು. ಥ್ರೆಡ್ಡಿನ ಮೊದಲ ಎರಡು ಸುತ್ತು ಬಿಟ್ಟು ಮಿಕ್ಕವಕ್ಕೆ ದ್ರವರೂಪದ ಥ್ರೆಡ್ ಸೀಲೆಂಟನ್ನು ತೆಳ್ಳಗೆ ಹಚ್ಚಿ ಅವರೇ ಬಿಗಿದುಕೊಟ್ಟರು. ಅದೇ ಅಂಗಡಿಯ ಕಂಪ್ರೆಸರಿಗೆ ಟೀಯನ್ನು ಸಿಕ್ಕಿಸಿ, ಅಲ್ಲಿದ್ದ ಬೂರ್ಡಾನ್ ಮೀಟರನ್ನು ಪಕ್ಕದಲ್ಲಿಟ್ಟುಕೊಂಡು 1, 2, 3, 4 ಕೆ.ಜಿ. ಗಾಳಿಯಲ್ಲಿ ಸೆಂಡರಿನ ಓಮನ್ನು ಅಳೆದೆವು. ಓಮ್ ಮೆಟ್ಟಿಲು ಮೆಟ್ಟಿಲಾಗಿ ಏರಿ, ಗಾಳಿ ಬಿಟ್ಟಾಗ ಮತ್ತೆ 10ರ ಬಳಿಗೆ ಬಂದು ನಿಂತಿತು. ಸೋಪಿನ ನೀರು ಹಚ್ಚಿದ ಜಾಯಿಂಟುಗಳಲ್ಲಿ ಗುಳ್ಳೆ ಏಳಲಿಲ್ಲ.

ನೀರಿನ ಶಾಖದ ಸೆಂಡರಿಗೆ ಕಂಪನಿಯ ಸೆಂಡರಿನ ಜಾಗವನ್ನು ಮುಟ್ಟಲಿಲ್ಲ. ಮೇಲಿನ ರೇಡಿಯೇಟರ್ ಹೋಸಿನ ಒಳ ಅಳತೆಯನ್ನು ವರ್ನಿಯರಿನಲ್ಲಿ ನೋಡಿ, ಅದಕ್ಕೆ ಹೊಂದುವ ಅಲ್ಯುಮಿನಿಯಂ ಕೊಳವೆಯ ತುಂಡೊಂದನ್ನು ತೂತು ಮತ್ತು ಥ್ರೆಡ್ ಸಮೇತ ಮಾಡಿಸಿ, ಹೋಸನ್ನು ಕತ್ತರಿಸಿ ನಡುವೆ ಕೂರಿಸಿ, ಎರಡೂ ಕಡೆ ಕ್ಲಿಪ್ಪು ಬಿಗಿದೆ. ಈ ಪದ್ಧತಿಯಲ್ಲಿ ಎರಡು ವಿಷಯಗಳನ್ನು ಮರೆಯಬಾರದು. ಮೊದಲನೆಯದಾಗಿ, ಆ ತುಂಡಿನ ಎರಡೂ ಕಡೆ ರಬ್ಬರ್ ಇರುವುದರಿಂದ ಅದಕ್ಕೆ ಅರ್ಥ್ ತಾನಾಗಿ ಸಿಗುವುದಿಲ್ಲ; ಕೊಳವೆಗೇ ಒಂದು ಸ್ಕ್ರೂ ಹಾಕಿ ಬೇರೆ ಅರ್ಥ್ ವೈರ್ ಎಳೆಯಬೇಕು. ಎರಡನೆಯದಾಗಿ, ಮೇಲಿನ ಹೋಸಿರುವುದು ಥರ್ಮೋಸ್ಟಾಟಿನ (ನೀರು ಕಾದ ಮೇಲೆ ಮಾತ್ರ ರೇಡಿಯೇಟರಿಗೆ ದಾರಿ ತೆರೆಯುವ ವಾಲ್ವಿನ) ಆಚೆ. ಎಂಜಿನ್ ಕಾಯುವವರೆಗೂ ಮುಳ್ಳು ಕೆಳಗೇ ಇದ್ದು, ಥರ್ಮೋಸ್ಟಾಟ್ ತೆರೆದ ಕ್ಷಣದಲ್ಲಿ ಸರ್ರನೆ ಏರುತ್ತದೆ. ಥರ್ಮೋಸ್ಟಾಟ್ ತೆರೆಯುತ್ತಿದೆಯೇ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಸಾಧನವಿಲ್ಲ. ಆದರೆ ಹೋಸಿನಲ್ಲಿ ನೀರೇ ಇಲ್ಲದೆ ಬರೀ ಹಬೆಯಾದರೆ ಸೆಂಡರ್ ಸರಿಯಾದ ಶಾಖವನ್ನು ಹೇಳಲಾರದು. ಕಂಪನಿಯ ಮುಳ್ಳನ್ನು ಹಾಗೆಯೇ ಉಳಿಸಿಕೊಂಡದ್ದು ಇದಕ್ಕಾಗಿ; ಎರಡು ಮುಳ್ಳುಗಳ ಮಾತು ಬೇರೆಬೇರೆಯಾದರೆ ಗಾಡಿ ನಿಲ್ಲಿಸಿ ಬಾನೆಟ್ ಎತ್ತಬೇಕು.

ಇನ್ನು ವೈರಿಂಗ್. ಗೆಳೆಯರೊಬ್ಬರ ಗಾಡಿಗೆ ಆಕ್ಸೆಸರಿ ಅಂಗಡಿಯೊಂದರಲ್ಲಿ ಮೀಟರ್ ಹಾಕಿಸಿದ್ದರು. ಅದರ ಮುಳ್ಳು ಇಂಡಿಕೇಟರ್ ಹಾಕಿದಾಗಲೆಲ್ಲ ಮಿಸುಕುತ್ತದೆಂದು ಬಿಚ್ಚಿ ನೋಡಿದಾಗ, ರೇಡಿಯೋದ ವೈರಿನ ಹೊದಿಕೆಯನ್ನು ಬ್ಲೇಡಿನಿಂದ ಹೆರೆದು, ಮೀಟರಿನ ವೈರನ್ನು ಸುತ್ತಿ, ಮೇಲೊಂದು ಇನ್ಸುಲೇಷನ್ ಟೇಪು ಹಚ್ಚಿಬಿಟ್ಟಿದ್ದರು. ಬಿಸಿಲಿಗೆ ಅಂಟು ಕರಗಿ ಟೇಪು ಜಾರಿತ್ತು. ಫ್ಯೂಸಿನ ಸುಳಿವೇ ಇರಲಿಲ್ಲ. ಇಂಥ ಕೆಲಸ ಕಣ್ಣಿಗೆ ಕಾಣದ ಜಾಗದಲ್ಲಿ ನಡೆಯುವುದರಿಂದ, ಹಣ ಕೊಟ್ಟವರಿಗೆ ಅದು ತಿಳಿಯುವುದು ಹೊಗೆ ಬಂದಾಗಲೇ.

ನಾನು ಮೊದಲು ಅಳೆದದ್ದು ಕಂಪನಿಯ ವೈರಿಂಗ್ ಎಷ್ಟು ವೋಲ್ಟೇಜ್ ತಿನ್ನುತ್ತಿದೆ ಎಂಬುದನ್ನು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಮೇಲೆ 14.1 ವೋಲ್ಟ್ ಇದ್ದರೆ, ಹೆಡ್‌ಲೈಟ್ ಮತ್ತು ಬ್ಲೋವರ್ ಹಾಕಿದಾಗ ಫ್ಯೂಸ್ ಬಾಕ್ಸಿನ ಇಗ್ನಿಷನ್ ಲೈನಿನಲ್ಲಿ 13.4 ಮಾತ್ರ ಸಿಗುತ್ತಿತ್ತು. ಹಳೆಯ ಇಗ್ನಿಷನ್ ಸ್ವಿಚ್ಚಿನ ಸವೆದ ಕಾಂಟ್ಯಾಕ್ಟುಗಳೂ ಹಳೆಯ ಕನೆಕ್ಟರುಗಳೂ ಸೇರಿ ಮಿಕ್ಕದ್ದನ್ನು ನುಂಗುತ್ತಿದ್ದವು. ಅಲ್ಲಿಂದ ಸಪ್ಲೈ ತೆಗೆದುಕೊಂಡರೆ ವೋಲ್ಟ್‌ಮೀಟರ್ ಬ್ಯಾಟರಿಯ ಸ್ಥಿತಿಯನ್ನು ಹೇಳದೆ ಸ್ವಿಚ್ಚಿನ ಸವೆತವನ್ನು ಹೇಳುತ್ತಿತ್ತು. ಹೀಗಾಗಿ ಒಂದು ನಾಲ್ಕು ಪಿನ್ನಿನ ರಿಲೇ (ಸಣ್ಣ ಕರೆಂಟಿನಿಂದ ಬೇರೊಂದು ಲೈನನ್ನು ಜೋಡಿಸಿ ಬಿಡಿಸುವ ಸ್ವಿಚ್ಚು) ಹಾಕಿದೆ. ಬ್ಯಾಟರಿಯ ಪಾಸಿಟಿವಿನಿಂದ, ಟರ್ಮಿನಲ್ಲಿಗೆ ಆದಷ್ಟು ಹತ್ತಿರದಲ್ಲೇ 5 ಆಂಪಿಯರಿನ ಫ್ಯೂಸ್ ದಾಟಿ, ಲೈನು ರಿಲೇಯ 30ನೇ ಪಿನ್ನಿಗೆ ಬರುತ್ತದೆ. 87ರಿಂದ ಮೀಟರ್‌ಗಳಿಗೆ ಹೋಗುತ್ತದೆ. ಇಗ್ನಿಷನ್ ಲೈನು 85 ಮತ್ತು 86ರ ನಡುವಿನ ಕಾಯಿಲನ್ನು ಎಳೆಯುವ ಕೆಲಸವನ್ನಷ್ಟೇ ಮಾಡುತ್ತದೆ. ಇದಾದ ಮೇಲೆ ಡ್ಯಾಶ್‌ಬೋರ್ಡಿನ ವೋಲ್ಟ್‌ಮೀಟರಿಗೂ ಬ್ಯಾಟರಿಯ ಮೇಲಿಟ್ಟ ಮಲ್ಟಿಮೀಟರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿಯಲಿಲ್ಲ.

ವೈರು ಮನೆಯ ವೈರಿಂಗಿನದಲ್ಲ, ಸಣ್ಣ ಎಳೆಗಳ ಆಟೋ ವೈರ್: ಸಪ್ಲೈಗೆ 1 ಚದರ ಮಿಲಿಮೀಟರಿನದು, ಸೆಂಡರುಗಳಿಗೆ 0.75ರದು. ಲಗ್ಗುಗಳನ್ನು ಕ್ರಿಂಪಿಂಗ್ ಪ್ಲೈಯರಿನಲ್ಲಿ ಒತ್ತಿ, ಮೇಲೆ ಹೀಟ್ ಶ್ರಿಂಕ್ ಸ್ಲೀವ್ ಹಾಕಿದೆ. ಎಂಜಿನ್ ಕಡೆಯಿಂದ ಒಳಕ್ಕೆ ಬರಲು ಹೊಸ ತೂತು ಕೊರೆಯದೆ, ಈಗಾಗಲೇ ಇರುವ ರಬ್ಬರ್ ಗ್ರೊಮೆಟ್ಟಿನ ಮೂಲಕವೇ ವೈರುಗಳನ್ನು ನುಸುಳಿಸಿದೆ. ಗ್ರೊಮೆಟ್ಟಿನ ಮುಂಚೆ ವೈರು ಒಮ್ಮೆ ಕೆಳಕ್ಕೆ ಬಾಗಿ ಮೇಲೇರುವಂತೆ ಬಿಟ್ಟರೆ ಮಳೆನೀರು ವೈರಿನ ಗುಂಟ ಒಳಕ್ಕೆ ಬರದೆ ಅಲ್ಲೇ ತೊಟ್ಟಿಕ್ಕುತ್ತದೆ. ಬೀದಿಯಲ್ಲಿ ನಿಲ್ಲುವ ಗಾಡಿಗಳಿಗೆ ಈ ಊರಿನಲ್ಲಿ ಇಲಿಗಳ ಕಾಟ ಬಹಳ, ಹಾಗಾಗಿ ಬಾನೆಟ್ಟಿನ ಕೆಳಗಿನ ವೈರುಗಳನ್ನೆಲ್ಲ ಸುಕ್ಕುಸುಕ್ಕಾದ ಪ್ಲಾಸ್ಟಿಕ್ ಪೈಪಿನೊಳಗೆ ತೂರಿಸಿದೆ.

ಎಲ್ಲ ಜೋಡಿಸಿ ಎಂಜಿನ್ ಚಾಲೂ ಮಾಡಿದಾಗ ಒಂದು ದೋಷ ಕಾಣಿಸಿತು. ಹೆಡ್‌ಲೈಟ್ ಹಾಕಿದೊಡನೆ ಆಯಿಲ್ ಪ್ರೆಷರಿನ ಮುಳ್ಳು ಸ್ವಲ್ಪ ಸರಿಯುತ್ತಿತ್ತು, ಆರಿಸಿದರೆ ಮತ್ತೆ ಹಿಂದಕ್ಕೆ ಬರುತ್ತಿತ್ತು. ಆಯಿಲಿಗೂ ಹೆಡ್‌ಲೈಟಿಗೂ ಸಂಬಂಧವಿರಲು ಸಾಧ್ಯವಿಲ್ಲ, ಆದ್ದರಿಂದ ಇದು ಅರ್ಥಿನ ತೊಂದರೆಯೆಂದು ಖಚಿತವಾಯಿತು. 55 ವ್ಯಾಟಿನ ಎರಡು ಬಲ್ಬುಗಳು ಸುಮಾರು 9 ಆಂಪಿಯರ್ ಎಳೆಯುತ್ತವೆ, ಆ ಕರೆಂಟು ಬಾಡಿಯ ತಗಡಿನ ಮೂಲಕ ಬ್ಯಾಟರಿಯ ನೆಗೆಟಿವ್‌ಗೆ ಹಿಂದಿರುಗಬೇಕು. ದಾರಿಯಲ್ಲಿ ಎಲ್ಲಿಯಾದರೂ ತುಕ್ಕು ಇದ್ದರೆ ಡ್ಯಾಶ್‌ಬೋರ್ಡಿನ ಅರ್ಥ್ ಸೊನ್ನೆಯಲ್ಲಿ ನಿಲ್ಲದೆ ಸ್ವಲ್ಪ ಮೇಲೇರುತ್ತದೆ. ಸೆಂಡರಿನ ಅರ್ಥ್ ಒಂದು ಕಡೆ, ಮೀಟರಿನ ಅರ್ಥ್ ಇನ್ನೊಂದು ಕಡೆ ಇದ್ದಾಗ ನಡುವಿನ ಆ ಅಂತರವನ್ನೂ ಮೀಟರ್ ಪ್ರೆಷರೆಂದೇ ಓದಿಕೊಳ್ಳುತ್ತದೆ. ಮಲ್ಟಿಮೀಟರನ್ನು 2 ವೋಲ್ಟ್ ಡಿಸಿಗೆ ಇಟ್ಟು, ಒಂದು ಕಡ್ಡಿಯನ್ನು ಎಂಜಿನ್ ಬ್ಲಾಕಿನ ಮೇಲೆ, ಇನ್ನೊಂದನ್ನು ಮೀಟರಿನ ಅರ್ಥ್ ಸ್ಕ್ರೂ ಮೇಲೆ ಹಿಡಿದಾಗ 0.31 ವೋಲ್ಟ್ ತೋರಿಸಿತು. ಇದು 0.1ಕ್ಕಿಂತ ಕಡಿಮೆ ಇರಬೇಕು.

ಎಂಜಿನ್ನಿನಿಂದ ಬಾಡಿಗೆ ಹೋಗುವ ಹೆಣಿಗೆಯ ಪಟ್ಟಿಯನ್ನು ಬಿಚ್ಚಿದಾಗ ಕಾರಣ ಕೈಗೆ ಸಿಕ್ಕಿತು: ಲಗ್ಗಿನ ಕೆಳಗೆ ಹಸಿರು ಕಿಲುಬು, ಅದರ ಕೆಳಗೆ ಯಾವ ಕಾಲದಲ್ಲೋ ಪೇಂಟಿಂಗ್ ಮಾಡುವಾಗ ಬಿದ್ದ ಬಣ್ಣದ ಪದರ. ಹೊಸ ಪಟ್ಟಿ ತಂದು, ಲೋಹ ಹೊಳೆಯುವವರೆಗೆ ಎಮರಿ ಕಾಗದದಲ್ಲಿ ಉಜ್ಜಿ, ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಹಚ್ಚಿದೆ. ಜೊತೆಗೆ ಬ್ಲಾಕಿನ ಬೋಲ್ಟಿನಿಂದಲೇ 2.5 ಚದರ ಮಿಲಿಮೀಟರಿನ ಒಂದು ಕಪ್ಪು ವೈರನ್ನು ನೇರವಾಗಿ ಮೀಟರ್‌ಗಳ ಅರ್ಥಿಗೂ, ಅದರಿಂದ ಕವಲೊಡೆದು ಟೀ ಮತ್ತು ಹೋಸಿನ ತುಂಡಿಗೂ ಎಳೆದೆ. ಮತ್ತೆ ಅಳೆದಾಗ 0.03 ಬಂತು. ಹೆಡ್‌ಲೈಟ್, ಬ್ಲೋವರ್, ಹಾರ್ನ್ ಯಾವುದಕ್ಕೂ ಮುಳ್ಳು ಮಿಸುಕಲಿಲ್ಲ. ಇದರಿಂದ ಸ್ಟಾರ್ಟರೂ ಚುರುಕಾಯಿತು, ಏಕೆಂದರೆ ಸ್ಟಾರ್ಟರಿನ ಕರೆಂಟೂ ಸವೆದ ಅರ್ಥ್ ದಾರಿಯಲ್ಲೇ ಏಗುತ್ತಿತ್ತು. ಮೀಟರ್ ಹಾಕುವ ಉದ್ದೇಶ ಇಲ್ಲದವರೂ ಹಳೆಯ ಗಾಡಿಯಲ್ಲಿ ಈ ಒಂದು ಅಳತೆಯನ್ನು ಮಾಡಿ ನೋಡಬೇಕು.

ಮೀಟರ್‌ಗಳನ್ನು ಕೂರಿಸಲು ಡ್ಯಾಶ್‌ಬೋರ್ಡನ್ನು ಕೊರೆಯಲಿಲ್ಲ. 2 ಮಿಲಿಮೀಟರ್ ದಪ್ಪದ ಅಲ್ಯುಮಿನಿಯಂ ಹಾಳೆಯಲ್ಲಿ 52 ಮಿಲಿಮೀಟರಿನ ಹೋಲ್‌ಸಾದಿಂದ ಮೂರು ತೂತು ಮಾಡಿ, ಅರದಲ್ಲಿ ಅಂಚು ತೀಡಿ, ಕಪ್ಪು ಬಣ್ಣ ಹೊಡೆದು, ರೇಡಿಯೋದ ಕೆಳಗೆ ಬಿಗಿದೆ. ಗಾಡಿಯ ಪಾರ್ಕಿಂಗ್ ಲೈಟಿನ ಲೈನಿನಿಂದ ಒಳಗಿನ ಬೆಳಕಿಗೆ ಸಪ್ಲೈ ಕೊಟ್ಟೆ. ಮೀಟರಿನ ಅಂಕಿಗಳು ನೆಟ್ಟಗೆ ಕಾಣಬೇಕೆಂಬ ಹಟ ಬಿಟ್ಟು, ಎಂಜಿನ್ ಕಾದು ಸಮವೇಗದಲ್ಲಿ ಓಡುವಾಗ ಮೂರೂ ಮುಳ್ಳುಗಳು ಮೇಲ್ಮುಖವಾಗಿ ನಿಲ್ಲುವಂತೆ ಒಂದೊಂದು ಮೀಟರನ್ನೂ ತಿರುಗಿಸಿ ಬಿಗಿದಿದ್ದೇನೆ. ರೇಸಿನ ಗಾಡಿಗಳಲ್ಲಿ ಈ ಪದ್ಧತಿಯಿದೆ. ಅಂಕಿ ಓದುವ ಅಗತ್ಯವೇ ಬೀಳುವುದಿಲ್ಲ, ಒಂದು ಮುಳ್ಳು ವಾಲಿದರೂ ಓರೆನೋಟಕ್ಕೇ ತಿಳಿಯುತ್ತದೆ.

ಈಗ ಕಾಣುವ ಅಂಕಿಗಳನ್ನು ಹೇಳುತ್ತೇನೆ. ಇವು 20ಡಬ್ಲ್ಯೂ-40 ಆಯಿಲ್ ಇರುವ ನನ್ನ ಎಂಜಿನ್ನಿನವು. ಬೆಳಿಗ್ಗೆ ತಣ್ಣನೆಯ ಎಂಜಿನ್ನಿನಲ್ಲಿ ಪ್ರೆಷರ್ 4 ಕೆ.ಜಿ. ದಾಟುತ್ತದೆ, ಏಕೆಂದರೆ ಆಯಿಲ್ ಇನ್ನೂ ಗಟ್ಟಿ. ತುಮಕೂರು ರಸ್ತೆಯಲ್ಲಿ ಸಮವಾಗಿ ಓಡುವಾಗ 3ರ ಮೇಲೆ ನಿಂತಿರುತ್ತದೆ. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಮಧ್ಯಾಹ್ನ ಗಾಡಿಗಳ ನಡುವೆ ತೆವಳುವಾಗ ಬಿಸಿ ಐಡ್ಲಿಂಗಿನಲ್ಲಿ 1.2ಕ್ಕೆ ಇಳಿಯುತ್ತದೆ, ನೀರು 96ಕ್ಕೆ ಏರಿ ಫ್ಯಾನ್ ತಿರುಗಿದ ಮೇಲೆ 88ಕ್ಕೆ ಬರುತ್ತದೆ. ನಂದಿಬೆಟ್ಟದ ತಿರುವುಗಳನ್ನು ಎರಡನೇ ಗೇರಿನಲ್ಲಿ ಏರುವಾಗ ನೀರಿನ ಶಾಖ ಟ್ರಾಫಿಕ್ಕಿಗಿಂತ ಕಡಿಮೆಯೇ ಇತ್ತು. ಗಾಡಿಗೆ ಬೆಟ್ಟಕ್ಕಿಂತ ಸಿಗ್ನಲ್ಲೇ ಭಾರವೆಂಬುದನ್ನು ಕಂಪನಿಯ ಅಂಕಿಯಿಲ್ಲದ ಮುಳ್ಳು ಎಂದೂ ಹೇಳಿರಲಿಲ್ಲ. ವೋಲ್ಟ್‌ಮೀಟರ್ ಎಂಜಿನ್ ನಿಂತಾಗ 12.6, ಓಡುವಾಗ 14ರ ಆಚೀಚೆ. ಈ ಅಂಕಿಗಳಿಗಿಂತ ಮುಖ್ಯವಾದದ್ದು ಇವು ಬದಲಾಗುವ ರೀತಿ: ಬಿಸಿ ಐಡ್ಲಿಂಗಿನ 1.2 ಮುಂದೊಂದು ದಿನ 0.8 ಆದರೆ ಆಯಿಲ್ ತೆಳುವಾಗಿರಬಹುದು, ಪಿಕಪ್ ಜಾಲರಿ ಕಟ್ಟಿರಬಹುದು, ಬೇರಿಂಗ್ ಸವೆದಿರಬಹುದು. ಆ ಹಂತದಲ್ಲಿ ಕಾರಣ ಹುಡುಕಲು ಸಮಯವಿರುತ್ತದೆ.

ಎಂಜಿನ್ ಗಾಳಿ ಎಳೆದುಕೊಳ್ಳುವ ದಾರಿಯ ನಿರ್ವಾತವನ್ನು ಅಳೆಯುವ ನಾಲ್ಕನೆಯದೊಂದು ವ್ಯಾಕ್ಯೂಮ್ ಮೀಟರನ್ನೂ ಕೊಂಡಿದ್ದೆ, ಆದರೆ ಅದಕ್ಕೆ ಡ್ಯಾಶ್‌ಬೋರ್ಡಿನಲ್ಲಿ ಜಾಗ ಕೊಡಲಿಲ್ಲ. ಕಾರ್ಬುರೇಟರ್ ಟ್ಯೂನಿಂಗ್ ಮಾಡುವಾಗ ಇನ್‌ಟೇಕ್ ಮ್ಯಾನಿಫೋಲ್ಡಿಗೆ ಸಿಕ್ಕಿಸಿ ನೋಡಿ ತೆಗೆದಿಡುವುದೇ ಅದರ ಸರಿಯಾದ ಬಳಕೆ. ಅದನ್ನು ಓದುವಾಗಲೂ ನಮ್ಮ ಎತ್ತರವನ್ನು ನೆನಪಿಡಬೇಕು. ಆರೋಗ್ಯವಾದ ಎಂಜಿನ್ ಐಡ್ಲಿಂಗಿನಲ್ಲಿ 17ರಿಂದ 21 ಇಂಚು (ಪಾದರಸದ ಅಳತೆಯಲ್ಲಿ) ತೋರಿಸಬೇಕೆಂದು ಪುಸ್ತಕಗಳಲ್ಲಿ ಬರೆದಿರುವುದು ಸಮುದ್ರಮಟ್ಟದ ಲೆಕ್ಕ. ಪ್ರತಿ 1000 ಅಡಿಗೆ ಒಂದು ಇಂಚಿನಂತೆ ಕಳೆದರೆ 3000 ಅಡಿಯ ಬೆಂಗಳೂರಿಗೆ ಅದು 14ರಿಂದ 18 ಆಗುತ್ತದೆ. ಇಲ್ಲಿ 16 ಇಂಚು ಕಂಡು ವಾಲ್ವ್ ಕೆಲಸ ಮಾಡಿಸಲು ಹೊರಡುವುದು ದುಡ್ಡು ದಂಡ.

ಹೊಸ ಗಾಡಿಗಳಿಗೆ ಇದೇ ರೀತಿ ಕೈ ಹಾಕಬಾರದು. ವಾರಂಟಿ ಇರುವ ಗಾಡಿಯ ವೈರಿಂಗ್ ಕತ್ತರಿಸಿದರೆ ಸರ್ವಿಸ್ ಸೆಂಟರಿನವರು ಅದನ್ನೇ ಕಾರಣ ಮಾಡಿಕೊಂಡು ಕೈ ಎತ್ತಬಹುದು. ಮುಂಗಾಜಿನ ಪಕ್ಕದ ಕಂಬಕ್ಕೆ ಮೀಟರ್ ಅಂಟಿಸುವ ಫ್ಯಾಷನ್ ಕರ್ಟನ್ ಏರ್‌ಬ್ಯಾಗ್ ಇರುವ ಗಾಡಿಗಳಲ್ಲಿ ಅಪಾಯಕಾರಿ, ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ದಾರಿಯಲ್ಲೇ ಮೀಟರ್ ಕೂತಿರುತ್ತದೆ. ಅಂಥ ಗಾಡಿಗಳಲ್ಲಿ ನೀರಿನ ಶಾಖ ಮತ್ತು ವೋಲ್ಟೇಜನ್ನು ಗಾಡಿಯ ಕಂಪ್ಯೂಟರಿನ ಮಾಹಿತಿ ಕೊಡುವ ಒಬಿಡಿ ಸಾಕೆಟ್ಟಿನಿಂದಲೇ ಓದಿಕೊಳ್ಳಬಹುದು, ಒಂದು ವೈರನ್ನೂ ಮುಟ್ಟಬೇಕಿಲ್ಲ. ಆಯಿಲ್ ಪ್ರೆಷರ್ ಮಾತ್ರ ಸಾಮಾನ್ಯವಾಗಿ ಅಲ್ಲಿ ಸಿಗುವುದಿಲ್ಲ, ಏಕೆಂದರೆ ಇಂದಿಗೂ ಹೆಚ್ಚಿನ ಗಾಡಿಗಳಲ್ಲಿ ಇರುವುದು ದೀಪ ಹೊತ್ತಿಸುವ ಸ್ವಿಚ್ಚೇ. ಪೂರ್ತಿ ಕೆಲಸವನ್ನು ಅಂಗಡಿಗೇ ವಹಿಸುವವರು ಮೂರು ಪ್ರಶ್ನೆಗಳನ್ನು ಮೊದಲೇ ಕೇಳಬೇಕು: ಸಪ್ಲೈಯನ್ನು ಎಲ್ಲಿಂದ ತೆಗೆಯುತ್ತೀರಿ, ಫ್ಯೂಸ್ ಎಲ್ಲಿ ಬರುತ್ತದೆ, ಆಯಿಲ್ ಸೆಂಡರ್ ಬ್ಲಾಕಿನ ಮೇಲೆ ಜೋತುಬೀಳುತ್ತದೆಯೋ ಬ್ರ್ಯಾಕೆಟ್ಟಿನ ಮೇಲೆ ಕೂರುತ್ತದೆಯೋ. ಈ ಮೂರಕ್ಕೂ ತಡವರಿಸದೆ ಉತ್ತರ ಕೊಡುವವರ ಕೈಗೆ ಗಾಡಿಯನ್ನು ಧಾರಾಳವಾಗಿ ಒಪ್ಪಿಸಬಹುದು. ಅಂಥವರು ಈ ಊರಿನಲ್ಲಿ ಇದ್ದಾರೆ.

ಮೊದಲ 500 ಕಿಲೋಮೀಟರ್ ಆದ ಮೇಲೆ ಹೋಸಿನ ಕ್ಲಿಪ್ಪುಗಳನ್ನು ತಣ್ಣನೆಯ ಎಂಜಿನ್ನಿನಲ್ಲಿ ಇನ್ನೊಮ್ಮೆ ಬಿಗಿದೆ. ಹೊಸ ರಬ್ಬರ್ ಕಾದು ಕೂತ ಮೇಲೆ ಅರ್ಧ ಸುತ್ತಾದರೂ ಸಡಿಲವಾಗಿರುತ್ತದೆ. ಟೀಯ ಸುತ್ತ ಬಿಳಿ ಟಿಶ್ಯೂ ಕಾಗದ ಒತ್ತಿ ನೋಡಿದಾಗ ಆಯಿಲಿನ ಕಲೆ ಬರಲಿಲ್ಲ. ವೈರುಗಳ ದಾರಿ, ರಿಲೇಯ ಪಿನ್ನುಗಳು, ಫ್ಯೂಸಿನ ಜಾಗ, ಟೀಯ ಎರಡು ಬಗೆಯ ಥ್ರೆಡ್ ಇವನ್ನೆಲ್ಲ ಒಂದು ಹಾಳೆಯಲ್ಲಿ ಚಿತ್ರ ಸಮೇತ ಬರೆದು, ಪ್ಲಾಸ್ಟಿಕ್ ಹೊದಿಕೆ ಹಾಕಿ, ಗ್ಲೋವ್ ಬಾಕ್ಸಿನಲ್ಲಿ ಆರ್‌ಸಿ ಪುಸ್ತಕದ ಜೊತೆ ಇಟ್ಟಿದ್ದೇನೆ. ಮುಂದಿನ ಸರ್ವಿಸಿನಲ್ಲಿ ಯಾರೇ ಬಾನೆಟ್ ಎತ್ತಿದರೂ ಸೆಂಡರ್ ಬದಲಾಯಿಸಬೇಕಾದರೆ 27ರ ಥ್ರೆಡ್ಡಿನದನ್ನೇ ತರಬೇಕೆಂಬುದು ಅದರ ಮೊದಲ ಸಾಲಿನಲ್ಲೇ ಇದೆ.